ಒಂದೇ ಸಲ ಕೇಳಿದ ನಗು

ಮಗುವಿನ ತಲೆ ಅಳತೆ ಮೀರಿ ಬೆಳೆಯುತ್ತಿದೆ ಎಂದು ಮೊದಲು ಕಂಡುಹಿಡಿದದ್ದು ಯಾವ ಡಾಕ್ಟರೂ ಅಲ್ಲ, ಅವಳ ಗಂಡನ ಬಲ ಅಂಗೈ.

ಅವನದು ಕ್ಷೌರದ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ಬಾಗಿಲ ಪಕ್ಕ ಹಳೆಯ ಪತ್ರಿಕೆಗಳ ಬೆಂಚು. ಒಂದು ಕುರ್ಚಿ ಅವನದು, ಇನ್ನೊಂದು ಅವನ ಅಣ್ಣನದು. ಹದಿನೇಳರ ವಯಸ್ಸಿನಿಂದ ದಿನಕ್ಕೆ ಹತ್ತಿಪ್ಪತ್ತು ತಲೆ ಮುಟ್ಟಿ ಪಳಗಿದ ಕೈ. ಕೂತವರ ನೆತ್ತಿಯ ಮೇಲೆ ಒಮ್ಮೆ ಅಂಗೈ ಇಟ್ಟರೆ ಸಾಕು, ಸುಳಿ ಯಾವ ಕಡೆ, ಹಳೆಯ ಹೊಲಿಗೆ ಎಲ್ಲಿ ಎಂದು ಕಣ್ಣು ಮುಚ್ಚಿಯೂ ಹೇಳುತ್ತಿದ್ದ. ಸದಾ ಕಿವಿಯ ಹಿಂದೆ ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಬೀದಿಗೆಲ್ಲ ಅವನ ಹೆಸರೇ ಬಾಚಣಿಗೆ. ಎರಡು ಬೀದಿ ಆಚೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ಬಾಚಣಿಗೆಯ ಹೆಂಡತಿ. ಮೊದಮೊದಲು ಇರಿಸುಮುರಿಸಾಗುತ್ತಿತ್ತು, ಆಮೇಲೆ ಕರೆದರೆ ತಿರುಗಿ ನೋಡುವಷ್ಟು ಅಭ್ಯಾಸವಾಯಿತು.

ಹಿರಿಯವಳು ಮಗಳು, ಆರು ವರ್ಷ. ಬಾಯಿ ಮುಚ್ಚಿ ಗೊತ್ತಿಲ್ಲದ್ದರಿಂದ ಅವಳನ್ನು ರೇಡಿಯೊ ಎನ್ನುತ್ತಿದ್ದರು. ಆ ರೇಡಿಯೊದ ಸುದ್ದಿಯಲ್ಲಿ ಅರ್ಧ ನಿಜ, ಅರ್ಧ ಅವಳದೇ ಸೃಷ್ಟಿ. ಕಿರಿಯವನು ಹುಟ್ಟಿದಾಗ ಬಾಚಣಿಗೆ ಆ ತಲೆಯನ್ನು ಅಂಗೈಯಲ್ಲಿ ಹಿಡಿದು, "ನೋಡೇ, ಕಂಪಾಸ್ ಇಟ್ಟು ಗೆರೆ ಎಳೆದ ಹಾಗಿದೆ. ಇಂಥ ತಲೆ ಲಕ್ಷಕ್ಕೊಂದು. ಇದರ ಮೊದಲ ಕಟಿಂಗ್ ನಂದು. ಬೇರೆ ಯಾರೂ ಮುಟ್ಟೋ ಹಾಗಿಲ್ಲ" ಎಂದಿದ್ದ. ಅವತ್ತಿನಿಂದ ಮಗು ಗುಂಡನಾದ. ಆ ಹೆಸರು ಮುಂದೊಂದು ದಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು ಯಾರಿಗೆ ಗೊತ್ತಿತ್ತು?

ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವನು ಮಲಗಿದ್ದ ಗುಂಡನ ನೆತ್ತಿಯ ಮೇಲೆ ಅಂಗೈ ಹರಡಿದ. ತೆಗೆದು, ಮತ್ತೆ ಹರಡಿದ.

"ಇದು ಸರಿಯಿಲ್ಲ ಕಣೇ."

"ಏನು ಸರಿಯಿಲ್ಲ?"

"ಹೋದ ತಿಂಗಳು ಹೆಬ್ಬೆರಳು ಈ ಕಿವಿಗೆ, ಕಿರುಬೆರಳು ಆ ಕಿವಿಗೆ ತಾಗ್ತಿತ್ತು. ಈಗ ತಾಗ್ತಿಲ್ಲ."

"ಮಗು ಅಂದ್ಮೇಲೆ ಬೆಳೆಯಲ್ವೇನ್ರೀ? ಕಂಡೋರ ತಲೆ ನೋಡಿ ನೋಡಿ ನಿಮ್ಮ ತಲೆ ಕೆಟ್ಟಿದೆ."

ಯಾವ ಮಾತಿಗೂ ಒಂದು ಎದುರು ಮಾತು ಇಟ್ಟುಕೊಂಡಿರುತ್ತಿದ್ದವನು ಅವತ್ತು ಮೂರನೇ ಸಲ ಅಂಗೈ ಹರಡಿದ. ಅವಳಿಗೆ ಭಯವಾದದ್ದು ಆಗ.

ಕ್ಲಿನಿಕ್ಕಿನ ನರ್ಸ್ ತಲೆಗೆ ಟೇಪು ಸುತ್ತಿ, ತೂಕ, ಚುಚ್ಚುಮದ್ದು ಬರೆಯುವ ಗುಂಡನ ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟಳು. ಉಳಿದ ಮಕ್ಕಳ ಬೆಳವಣಿಗೆಯ ಗೆರೆಗಳು ಕೆಳಗೆ ಜೊತೆಜೊತೆಯಾಗಿ ಹೋಗುತ್ತಿದ್ದವು. ಚುಕ್ಕೆ ಎಷ್ಟೋ ಮೇಲೆ, ಖಾಲಿ ಜಾಗದಲ್ಲಿ ಒಂಟಿಯಾಗಿತ್ತು. ಅಲ್ಲಿಂದ ದೊಡ್ಡಾಸ್ಪತ್ರೆ, ಸ್ಕ್ಯಾನು. ತಲೆಯೊಳಗಿನ ನೀರು ಹರಿದುಹೋಗಲು ದಾರಿಯಿಲ್ಲದೆ ನಿಂತುಬಿಡುತ್ತಿದೆ ಎಂದರು ಡಾಕ್ಟರು. ತಿಂಗಳು ತಿಂಗಳು ಅಳೆಯೋಣ, ಬೇಕೆನಿಸಿದರೆ ಚರ್ಮದೊಳಗೆ ಒಂದು ಸಣ್ಣ ಕೊಳವೆ ಹಾಕಿ ಆ ನೀರನ್ನು ಹೊಟ್ಟೆಗೆ ಇಳಿಸೋಣ. ಅವಳು ಮಾರನೆಯ ದಿನ ಸ್ಕ್ಯಾನಿನ ಹಾಳೆಯನ್ನು ತನ್ನ ಮಿಷನ್ನಿನ ಮೇಲಿಟ್ಟು ಜೆರಾಕ್ಸ್ ತೆಗೆಯಲು ನೋಡಿದಳು. ಬರೀ ಕಪ್ಪು ಬಂತು.

ಎರಡನೇ ಸಲ ಅಳತೆ ಮಾಡಿಸಲು ಅವನೊಬ್ಬನೇ ಗುಂಡನನ್ನು ಎದೆಗೆ ಬಟ್ಟೆಯಿಂದ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದ. ವಾಪಸು ಬರುವಾಗ ತಿರುವಿನಲ್ಲಿ ಎಣ್ಣೆ ಚೆಲ್ಲಿತ್ತು. ಗಾಡಿ ಜಾರುವ ಗಳಿಗೆಯಲ್ಲಿ ಎಡಗೈ ಮಗುವನ್ನು ಅಪ್ಪಿತು, ಬಲಗೈ ರಸ್ತೆಗೆ ಹೋಯಿತು. ಗುಂಡನಿಗೆ ಒಂದು ಗೀರೂ ಆಗಲಿಲ್ಲ. ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಹೆಬ್ಬೆರಳು ಮತ್ತು ತೋರುಬೆರಳಿಗೆ ಜೀವ ಬಂದಿರಲಿಲ್ಲ. ಕತ್ತರಿಗೆ ಹೆಬ್ಬೆರಳು ಬೇಕು, ಕತ್ತಿಗೆ ಎರಡೂ ಬೇಕು. ತಲೆ ಓದುತ್ತಿದ್ದ ಆ ಅಂಗೈಗೆ ಈಗ ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದೂ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅಂಗಡಿಯಲ್ಲಿ ಅಣ್ಣ ಕೂದಲು ಕತ್ತರಿಸುತ್ತಿದ್ದ, ಇವನು ಗುಡಿಸುತ್ತಿದ್ದ. ಕಾಯಂ ಗಿರಾಕಿಗಳು ನೋವು ಮರೆಸಲೆಂದೇ ಕಾಲೆಳೆಯುತ್ತಿದ್ದರು.

"ಏನಯ್ಯಾ ಬಾಚಣಿಗೆ, ಎಡಗೈಯಲ್ಲಿ ಶುರು ಮಾಡ್ತೀಯಂತೆ? ಕಿವಿ ಎರಡೂ ವಾಪಸ್ ಕೊಡ್ತೀಯೋ ಇಲ್ವೋ?"

"ಒಂದು ಗ್ಯಾರಂಟಿ. ಇನ್ನೊಂದು ನಿಮ್ಮ ಅದೃಷ್ಟ" ಎನ್ನುತ್ತಿದ್ದ ಅವನು.

ಆದರೆ ಮನೆಯಲ್ಲಿ ನಿಜಕ್ಕೂ ಶುರು ಮಾಡಿದ್ದ. ಕಸುಬು ಕಲಿಯುವಾಗ ಹೇಗೆ ಕಲಿತಿದ್ದನೋ ಹಾಗೆಯೇ, ಮೊದಲಿನಿಂದ. ಊದಿದ ಬಲೂನಿಗೆ ಸೋಪಿನ ನೊರೆ ಬಳಿದು, ಒಡೆಯದಂತೆ ಕತ್ತಿಯಿಂದ ಆ ನೊರೆಯನ್ನಷ್ಟೇ ಹೆರೆಯಬೇಕು. ರೇಡಿಯೊಗೆ ಹಬ್ಬವೋ ಹಬ್ಬ. ಅವಳೇ ಬಲೂನಿಗೆ ಕಣ್ಣು ಮೂಗು ಬರೆದು ತಂದು ಕೊಡುತ್ತಿದ್ದಳು, ಒಡೆದಾಗ ಅಡುಗೆಮನೆಗೆ ಓಡಿಬಂದು ವರದಿ ಒಪ್ಪಿಸುತ್ತಿದ್ದಳು.

"ಅಮ್ಮಾ, ಇವತ್ತು ನಾಲ್ಕು ಗಿರಾಕಿ ಸತ್ರು!"

ಮೂರನೇ ವಾರದ ಹೊತ್ತಿಗೆ ಯಾರೂ ಸಾಯದ ದಿನಗಳೂ ಬಂದವು.

ಈ ನಡುವೆ ಗುಂಡನ ಪುಸ್ತಕದ ಕೊನೆಯ ಪುಟದಲ್ಲಿ, ಮಗು ಏನೇನು ಕಲಿತಿದೆ ಎಂದು ಗುರುತು ಹಾಕುವ ಕೆಲವು ಚೌಕಗಳು ಖಾಲಿ ಉಳಿದಿದ್ದವು. ಮಗುಚಿಕೊಳ್ಳುತ್ತದೆ, ಅದಕ್ಕೊಂದು ಗುರುತು ಬಿದ್ದಿತ್ತು. ಕೂರುತ್ತದೆ, ಇಲ್ಲ. ಶಬ್ದ ಮಾಡಿ ನಗುತ್ತದೆ, ಇಲ್ಲ. ಗುಂಡ ತುಟಿಯಂಚಿನಲ್ಲಿ ನಗುತ್ತಿದ್ದ, ಸದ್ದು ಮಾತ್ರ ಇಲ್ಲ. ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, ಅವಳು ಪ್ರತಿ ಸಲ ತಪ್ಪು ಮಾಡಿದವಳಂತೆ ತಲೆಯಾಡಿಸುತ್ತಿದ್ದಳು. ಮನೆಯಲ್ಲಿ ಮೂವರೂ ಸೇರಿ ಮಾಡದ ಕೋತಿಯಾಟವಿಲ್ಲ. ಬಾಚಣಿಗೆ ನೊರೆಯ ಮೀಸೆ ಬರೆದುಕೊಂಡು ಕುಣಿದ, ಅವಳು ಬೆಕ್ಕಾದಳು, ರೇಡಿಯೊ ಪಾತ್ರೆಗಳನ್ನು ತಲೆಗೆ ಹಾಕಿಕೊಂಡಳು. ಗುಂಡ ದೊಡ್ಡವರ ಸಭೆಗೆ ಬಂದವನಂತೆ ಗಂಭೀರವಾಗಿ ನೋಡುತ್ತಿದ್ದ. ರೇಡಿಯೊ ಮಾತ್ರ ಸೋಲೊಪ್ಪಲಿಲ್ಲ.

"ಅಮ್ಮಾ, ನೀನು ಕೆಲಸಕ್ಕೆ ಹೋಗಿದ್ದಾಗ ಗುಂಡ ಎದ್ದು ನಿಂತು ಕಿಟಕಿ ಮುಚ್ಚಿದ."

"ಹೌದಾ? ಚಿಲಕ ಹಾಕಿದ್ನಾ?"

"ಹಾಕಿದ."

ಒಂಬತ್ತನೇ ತಿಂಗಳಲ್ಲಿ ಡಾಕ್ಟರು ಇನ್ನು ಕಾಯುವುದು ಬೇಡ ಎಂದು ದಿನ ಗೊತ್ತುಮಾಡಿದರು. ನರ್ಸ್ ಹೇಳಬೇಕಾದದ್ದನ್ನೆಲ್ಲ ಹೇಳಿ ಕಡೆಯಲ್ಲಿ, "ಮನೇಲಿ ಕೂದಲು ತೆಗೀಬೇಡಿ. ನಾವೇ ಇಲ್ಲಿ ಮಿಷನ್ನಲ್ಲಿ ತೆಗೀತೀವಿ" ಎಂದಳು. ಇಬ್ಬರೂ ಕೇಳಿಸಿಕೊಂಡರು.

ಆಪರೇಷನ್ನಿನ ಹಿಂದಿನ ಬೆಳಿಗ್ಗೆ, ರೇಡಿಯೊ ಶಾಲೆಗೆ ಹೋದ ಮೇಲೆ, ಅವನು ಮಂಚದ ಮೇಲೆ ಹಳೆಯ ಪತ್ರಿಕೆ ಹಾಸಿದ. ಪಕ್ಕದಲ್ಲಿ ಬಟ್ಟಲು, ಬ್ರಷ್ಷು, ಹೊಸ ಬ್ಲೇಡ್ ಹಾಕಿದ ಕತ್ತಿ.

"ಬೇಡ ಅಂದಿದ್ರಲ್ಲ ನರ್ಸಮ್ಮ" ಎಂದಳು ಅವಳು.

"ಅದು ಬೇರೆಯೋರಿಗೆ ಹೇಳೋ ಮಾತು. ಮನೇಲಿ ಯಾರ್ಯಾರೋ ಏನೇನೋ ಮಾಡ್ಕೊಂಡು ಬರ್ತಾರೆ ಅಂತ. ನಾನೇನು ಯಾರೋನಾ?" ಅವನು ಎಡಗೈಯನ್ನು ಚಾಚಿ ಹಿಡಿದು ತೋರಿಸಿದ. ಬೆರಳು ಅಲುಗುತ್ತಿರಲಿಲ್ಲ. "ಎಂಟು ದಿನದಿಂದ ಒಂದು ಬಲೂನೂ ಒಡೆದಿಲ್ಲ. ನಾಳೆ ಯಾರೋ ಬಂದು ಹುಲ್ಲು ಕೊಯ್ದ ಹಾಗೆ ಕೊಯ್ದು ಬಿಸಾಕ್ತಾರೆ ಕಣೇ. ಮೊದಲ ಕಟಿಂಗ್."

ಅವಳು ಬೇಡ ಎನ್ನಬಹುದಿತ್ತು. ಅಂದಿದ್ದರೆ ಅವನು ಪತ್ರಿಕೆ ಮಡಚಿಡುತ್ತಿದ್ದ, ಅದೂ ಅವಳಿಗೆ ಗೊತ್ತಿತ್ತು. ಆದರೆ ಕೈ ಮುರಿದಾಗಿನಿಂದ ಅವನು ತನಗಾಗಿ ಏನನ್ನೂ ಕೇಳಿರಲಿಲ್ಲ.

"ಸರಿ. ತಲೆ ನಾನು ಹಿಡ್ಕೋತೀನಿ" ಎಂದಳು.

ಅವಳು ಮಂಚದ ಮೇಲೆ ಕೂತು ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡು ಅಂಗೈಗಳ ನಡುವೆ ಅವನ ಕೆನ್ನೆಗಳನ್ನು ಹಿಡಿದಳು. ಮೊದಲು ಕತ್ತರಿ. ಕಪ್ಪು ಕೂದಲಿನ ಸುರುಳಿಗಳು ಪತ್ರಿಕೆಯ ಮೇಲೆ ಹಗುರವಾಗಿ ಬಿದ್ದವು. ಆಮೇಲೆ ಬೆಚ್ಚಗಿನ ನೊರೆ. ಕತ್ತಿ ಎಡಗೈಯಲ್ಲಿ ಸದ್ದಿಲ್ಲದೆ ಸಾಗಿತು. ಗಂಡನ ಮುಖ ಅಷ್ಟು ತಿಳಿಯಾಗಿದ್ದುದನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ. ಬಲಭಾಗ ಮುಗಿದು ನುಣ್ಣಗೆ ಹೊಳೆಯತೊಡಗಿತು. ಎಡಗಡೆ ನೆತ್ತಿಯ ಮೇಲೆ ಕತ್ತಿ ಊರಿದ್ದಂತೆಯೇ ಅವನು ಬಲ ಮುಷ್ಟಿಯಲ್ಲಿ ಬ್ರಷ್ಷು ಹಿಡಿದು, ಕಿವಿಯ ಹಿಂದೆ ಇನ್ನೊಂದಿಷ್ಟು ನೊರೆ ಹಚ್ಚಿದ.

ಗುಂಡ ನಕ್ಕ.

ಸಣ್ಣ ಬಾಯಿಯ ಬಾಟಲಿಯನ್ನು ಬಗ್ಗಿಸಿದಾಗ ನೀರು ಬರುವ ಹಾಗೆ ಗುಳುಗುಳು ಎಂದು. ನಡುವೆ ಒಮ್ಮೆ ಉಸಿರು ಕಟ್ಟಿ, ಹಿಕ್ ಎಂದು ಬಿಕ್ಕಿ, ಮತ್ತೆ ಗುಳುಗುಳು. ಅವಳು ಆ ಮುಖ ನೋಡಬೇಕೆಂದು ಬಗ್ಗಿದಳು. ಅವಳ ಅಂಗೈಗಳು ಸಡಿಲವಾದವು. ಗುಂಡ ಮೈಯೆಲ್ಲ ಕುಲುಕಿಸಿ ತಲೆ ತಿರುಗಿಸಿದ. ಅವಳೂ ನಗುತ್ತಿದ್ದಳು, ಗಂಡನೂ ನಗುತ್ತಿದ್ದ. ಬಿಳಿಯ ನೊರೆಯಲ್ಲಿ ಕೆಂಪು ದಾರದಂಥದ್ದೊಂದು ಇಳಿದುಬಂದದ್ದನ್ನು ಇಬ್ಬರೂ ಒಂದು ಗಳಿಗೆ ನೋಡಲೇ ಇಲ್ಲ.

ಗೀರು ಉಗುರಿನಷ್ಟೂ ಉದ್ದವಿರಲಿಲ್ಲ. ಅವನು ಪಟಿಕ ಒತ್ತಿ ಹಿಡಿದ, ರಕ್ತ ನಿಂತಿತು. ಅಂಗಡಿಯಲ್ಲಿ ದಿನಕ್ಕೊಂದು ಆಗುವಂಥದ್ದು. ಮಾರನೆಯ ಬೆಳಿಗ್ಗೆ ಅದರ ಸುತ್ತ ಚರ್ಮ ಕೆಂಪಾಗಿ ಉಬ್ಬಿತ್ತು. ಡಾಕ್ಟರು ಗುಂಡನ ಟೋಪಿ ತೆಗೆದು, ತಲೆಯನ್ನು ದೀಪದ ಕಡೆ ತಿರುಗಿಸಿ ನೋಡಿದರು.

"ಮನೇಲಿ ತೆಗೀಬೇಡಿ ಅಂದಿರ್ಲಿಲ್ವಾ? ಕೊಳವೆ ಹಾಕ್ಬೇಕಾದ ಜಾಗದಲ್ಲೇ ಗಾಯ. ಇದು ಪೂರ್ತಿ ಒಣಗೋವರೆಗೂ ನಾನು ಮುಟ್ಟೋ ಹಾಗಿಲ್ಲ. ಒಳಗೆ ಕೀವಾದ್ರೆ ಮಗು ಉಳಿಯಲ್ಲ. ಹತ್ತು ದಿನ ಬೇಕು."

ಅವಳು ಬಾಯಿ ತೆರೆಯುವುದರೊಳಗೆ ಗಂಡ ಹೇಳಿದ: "ನನ್ನ ಕೈ ಜಾರ್ತು ಸಾರ್."

ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾ ದಿನ ಎಣಿಸಿದರು. ಗೀರು ಒಣಗುತ್ತಾ ಬಂತು. ಎಂಟನೇ ದಿನ ಗುಂಡ ಕುಡಿದ ಹಾಲನ್ನೆಲ್ಲ ಕಾರಿಕೊಂಡ. ಕಣ್ಣಪಾಪೆಗಳು ಮುಳುಗುವಂತೆ ಕೆಳಕ್ಕೆ ಇಳಿದವು. ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೀರು ತೆಗೆದರು. ಇನ್ನೂ ನಾಲ್ಕು ದಿನ ಬಿಟ್ಟು ಕೊಳವೆ ಹಾಕಿದರು. ಗುಂಡ ಉಳಿದ. ಪುಸ್ತಕದ ಚುಕ್ಕೆಗಳು ಮೇಲೇರುವುದನ್ನು ನಿಲ್ಲಿಸಿದವು. ಆದರೆ ಕರೆದರೆ ತಿರುಗುತ್ತಿರಲಿಲ್ಲ, ತುಟಿಯಂಚಿನ ನಗುವೂ ಇರಲಿಲ್ಲ.

ಎರಡು ತಿಂಗಳ ಮೇಲೆ ತೋರಿಸಲು ಹೋದಾಗ ಡಾಕ್ಟರು ಕೊನೆಯ ಪುಟ ತೆರೆದರು.

"ಶಬ್ದ ಮಾಡಿ ನಗೋದು? ಮೊದಲು ಯಾವಾಗಾದ್ರೂ ಒಂದ್ಸಲ ನಕ್ಕಿದ್ನಾ?"

ಹೌದು ಅಂದರೆ ಯಾವಾಗ, ಹೇಗೆ ಎಂದೂ ಹೇಳಬೇಕು. ಅವಳು ಗಂಡನನ್ನು ನೋಡಿದಳು. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

"ಇಲ್ಲ ಸಾರ್" ಎಂದಳು.

ಅವನು ಮೆಲ್ಲಗೆ ಕೇಳಿದ: "ಆಪರೇಷನ್ ಅಷ್ಟು ದಿನ ತಡ ಆಗಿದ್ದಕ್ಕೇ ಹೀಗಾಯ್ತಾ?"

"ಅದರಿಂದಲೇ ಅಂತ ಹೇಳಕ್ಕಾಗಲ್ಲ." ಡಾಕ್ಟರು ಪುಸ್ತಕ ಮುಚ್ಚಿದರು. "ಅಲ್ಲ ಅಂತಲೂ ಹೇಳಕ್ಕಾಗಲ್ಲ."

ಬಸ್ಸಿನಲ್ಲಿ ಗುಂಡ ಅವಳ ಭುಜದ ಮೇಲೆ ನಿದ್ದೆಹೋಗಿದ್ದ. ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು.

"ಕೈ ಬಿಟ್ಟಿದ್ದು ನಾನು."

"ಗೊತ್ತು."

"ಮತ್ತೆ ಡಾಕ್ಟರ ಹತ್ರ ಅವತ್ತು ಯಾಕೆ ಹಾಗಂದ್ರಿ?"

"ಹೇಗೂ ಕೆಟ್ಟಿರೋ ಕೈ ನಂದು" ಎಂದ ಅವನು. "ಅದರ ಮೇಲೆ ಇದೂ ಒಂದಿರ್ಲಿ."

ಆಮೇಲೆ ಅವನು ಬಲೂನು ಊದಲಿಲ್ಲ. ಅಂಗಡಿಯಲ್ಲಿ ಮಿಷನ್ನಿನಿಂದಷ್ಟೇ ಕೂದಲು ತೆಗೆಯತೊಡಗಿದ, ಕತ್ತಿಯ ಕೆಲಸವೆಲ್ಲ ಅಣ್ಣನಿಗೆ ಬಿಟ್ಟ. ಆದರೆ ಸಂಜೆ ಮನೆಗೆ ಬಂದವನೇ ಕೈತೊಳೆದು, ಒಣಗಿದ ಬ್ರಷ್ಷನ್ನು ತೆಗೆದುಕೊಂಡು ಗುಂಡನ ಪಕ್ಕ ಕೂರುತ್ತಿದ್ದ. ಕಿವಿಯ ಹಿಂದೆ, ಅದೇ ಜಾಗದಲ್ಲಿ, ಮೆಲ್ಲಗೆ ಸವರುತ್ತಿದ್ದ. ಗುಂಡ ಮೇಲಿನ ಫ್ಯಾನು ನೋಡುತ್ತಿದ್ದ. ಅವನ ಕೂದಲು ಮತ್ತೆ ಬಂದಿತ್ತು, ಹೊಲಿಗೆಯ ಗುರುತಿನ ಮೇಲೆ ಮಾತ್ರ ಬರಲಿಲ್ಲ. ಆ ಸಣ್ಣ ಗೀರು ಎಲ್ಲಿತ್ತೆಂದು ಈಗ ಯಾರಿಗೂ ಕಾಣುವುದಿಲ್ಲ, ಅವರಿಬ್ಬರಿಗೆ ಬಿಟ್ಟು.

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಳು, ಅವನು ಹಿತ್ತಲಲ್ಲಿ ಅಂಗಡಿಯ ಟವೆಲುಗಳನ್ನು ಹಿಂಡುತ್ತಿದ್ದ. ಒಳಗಿನಿಂದ ರೇಡಿಯೊ ಕಿರುಚಿಕೊಂಡು ಓಡಿಬಂದಳು. ಅಂಗೈಯಲ್ಲಿ ಅಕ್ಕಿಕಾಳಿನಂಥ ಹಲ್ಲು. ವಾರದಿಂದ ಅಲ್ಲಾಡುತ್ತಿದ್ದ ಮುಂದಿನ ಹಲ್ಲು ಕಡೆಗೂ ಬಿದ್ದಿತ್ತು.

"ಅಮ್ಮಾ, ಹಲ್ಲು! ಗುಂಡನ ಮುಂದೆ ಕೂತು ನಾಲಿಗೇಲಿ ತಳ್ತಾ ಇದ್ದೆ, ಟಪ್ ಅಂತ ಅವನ ಹೊಟ್ಟೆ ಮೇಲೇ ಬಿತ್ತು. ಅವನು ನಕ್ಕ!"

ಅವಳು ಹಲ್ಲನ್ನು ನಂಬಿದಳು. ಉಳಿದದ್ದಕ್ಕೆ, "ಹೂಂ. ಆಮೇಲೆ ಎದ್ದು ಕಿಟಕಿ ಮುಚ್ಚಿದ್ನಾ?" ಎಂದಳು. ಹೇಳಿದ ಮೇಲೆ ತನ್ನ ದನಿ ತನಗೇ ಒರಟೆನಿಸಿತು.

"ಇಲ್ಲಮ್ಮಾ! ಇದು ಸುಳ್ಳಲ್ಲ. ಹೀಗೆ ನಕ್ಕ." ರೇಡಿಯೊ ಗಲ್ಲ ಎದೆಗೊತ್ತಿ, ಹೊಟ್ಟೆ ಕುಲುಕಿಸಿ ತೋರಿಸಿದಳು. ಗುಳುಗುಳು. ಹಿಕ್ ಎಂದು ಒಂದು ಬಿಕ್ಕು. ಮತ್ತೆ ಗುಳುಗುಳು.

ಅವಳ ಕೈಯಿಂದ ತಟ್ಟೆ ನೀರಿಗೆ ಜಾರಿತು.

ಮೊದಲ ಕಟಿಂಗಿನ ಆ ಬೆಳಿಗ್ಗೆ ಈ ಹುಡುಗಿ ಶಾಲೆಯಲ್ಲಿದ್ದಳು. ಆ ನಗುವಿನ ಸುದ್ದಿಯನ್ನು ಅವರು ಯಾರಿಗೂ ಹೇಳಿರಲಿಲ್ಲ, ತಮ್ಮ ತಮ್ಮಲ್ಲೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ.

ಹಿತ್ತಲಲ್ಲಿ ಟವೆಲು ಹಿಂಡುವ ಸದ್ದು ನಿಂತಿತ್ತು. ಗಂಡ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಳಕ್ಕೆ ಹೋದರು. ಗುಂಡ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಬಾಯಿ ಮುಚ್ಚಿತ್ತು, ಕಣ್ಣು ಫ್ಯಾನಿನ ಮೇಲಿತ್ತು. ಅವರು ಎರಡೂ ಕಡೆ ಮೊಣಕಾಲೂರಿ ಆ ಮುಖದ ಮೇಲೆ ಬಗ್ಗಿದರು. ಅವಳು ಕಿವಿಯ ಹಿಂದೆ ಮುಟ್ಟಿದಳು. ಏನೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದರು.

"ಈಗ ನಗಲ್ಲ ಬಿಡಿ" ಎಂದಳು ರೇಡಿಯೊ, ಹೊಸ ಕಿಂಡಿಯಿಂದ ಗಾಳಿ ಬಿಡುತ್ತಾ. "ನೀವಿಬ್ರೂ ಹೀಗೆ ನೋಡ್ತಾ ಕೂತ್ರೆ ಯಾರು ತಾನೇ ನಗ್ತಾರೆ?"

ಬಾಚಣಿಗೆ ಗುಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನಗ್ದಿದ್ರೆ ಬೇಡ" ಎಂದ. "ನೀನೇ ಇನ್ನೊಂದ್ಸಲ ಮಾಡಿ ತೋರಿಸು ಕಂದಾ."

ರೇಡಿಯೊ ಹಲ್ಲನ್ನು ಅಮ್ಮನ ಕೈಗೆ ಕೊಟ್ಟು, ಗಲ್ಲ ಎದೆಗೊತ್ತಿಕೊಂಡಳು.