ಸದ್ದಿಲ್ಲದ ಕಾರಿನ ಯಜಮಾನರು

ಹೊಸ ಎಲೆಕ್ಟ್ರಿಕ್ ಕಾರು ಕೊಂಡ ಯಜಮಾನರು ಮನೆಗೆ ಬಂದವರಿಗೆ ಮೊದಲು ಕುರ್ಚಿ ಕೊಡುವುದಿಲ್ಲ, ಕಾರಿನೊಳಗೆ ಸೀಟು ಕೊಡುತ್ತಾರೆ. ಗುಂಡಿ ಒತ್ತಿ, "ಈಗ ಗಾಡಿ ಆನ್ ಆಗಿದೆ. ಏನಾದ್ರೂ ಕೇಳಿಸ್ತಾ?" ಎನ್ನುತ್ತಾರೆ. "ಇಲ್ವಲ್ಲ" ಎಂದರೆ, ಆ ಮೌನವನ್ನು ತಾವೇ ಕೈಯಾರೆ ಮಾಡಿದವರಂತೆ ತಲೆದೂಗುತ್ತಾರೆ. ಭಾನುವಾರ ಬಂತೆಂದರೆ ಡ್ರಿಲ್ ಹಿಡಿದು ಗ್ಯಾರೇಜು ಸೇರುತ್ತಾರೆ. ಚಾರ್ಜಿಂಗ್ ವೈರು ಸುತ್ತಿಡಲು ಒಂದು ಕೊಕ್ಕೆ, ಅದು ವಾಲಿದ್ದರಿಂದ ಪಕ್ಕದಲ್ಲಿ ಇನ್ನೊಂದು, ಸ್ಪ್ಯಾನರುಗಳನ್ನು ಸಾಲಾಗಿ ನೇತುಹಾಕಲು ಒಂದು ಹಲಗೆ. "ಬಿಚ್ಚೋಕೆ ಏನೂ ಇಲ್ಲದ ಕಾರಿಗೆ ಇಷ್ಟು ಸ್ಪ್ಯಾನರ್ ಯಾಕ್ರೀ?" ಎಂದು ಹೆಂಡತಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಕೇಳಿದರೆ, "ಹಲಗೆ ಖಾಲಿ ಇದ್ರೆ ಚೆನ್ನಾಗಿರಲ್ಲ ಕಣೇ" ಎಂಬ ಉತ್ತರ. ಹಳೆಯ ಕಾರು ಬೀದಿಯ ತುದಿಯಲ್ಲಿ ಕೆಮ್ಮಿದ ಕೂಡಲೇ ಎರಡು ವರ್ಷದ ಈ ಮಗಳು ಕೈಯಲ್ಲಿದ್ದುದನ್ನು ಬಿಸಾಡಿ ಬಾಗಿಲಿಗೆ ಓಡುತ್ತಿದ್ದಳು. ಹೊಸ ಕಾರು ಬಂದ ಮೇಲೆ ಅಪ್ಪ ಬಂದು ಬೆನ್ನ ಹಿಂದೆಯೇ ನಿಂತರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮುಂದಿನ ಭಾನುವಾರ ಯಜಮಾನರು ಗ್ಯಾರೇಜಿನೊಳಗೆ ಅಡ್ಡಲಾಗಿ ದಾರ ಕಟ್ಟಿ, ಕಾರಿನ ಮೂತಿ ತಗುಲಿದರೆ ಬಾರಿಸುವ ಹಾಗೆ ಒಂದು ಹಿತ್ತಾಳೆ ಗಂಟೆ ತೂಗುಹಾಕಿದರು. "ಗೋಡೆಗೆ ಗುದ್ದಬಾರದಲ್ಲ, ಅದಕ್ಕೆ" ಎಂದರು. ಕಾರಿಗೆ ಮುಂದೊಂದು ಹಿಂದೊಂದು ಕ್ಯಾಮೆರಾ ಇರುವುದನ್ನು ಹೆಂಡತಿ ನೆನಪಿಸಲಿಲ್ಲ. ಈಗ ಸಂಜೆ ಗಂಟೆ ಬಾರಿಸುತ್ತದೆ, ಮಗಳು ಓಡುತ್ತಾಳೆ. ಎಂದಾದರೂ ಆಟದಲ್ಲಿ ಮೈಮರೆತು ಅವಳು ಬರದಿದ್ದರೆ, ಅವರು ಕಾರನ್ನು ಒಂದು ಮೊಳ ಹಿಂದಕ್ಕೆ ತೆಗೆದು ಮತ್ತೆ ಮುಂದಕ್ಕೆ ತರುತ್ತಾರೆ.