ಹೆಸರಿನ ಮೇಲೆ ಅಂಟಿಸಿದ ಚೀಟಿ

ಆ ರಾಗ ನನ್ನಜ್ಜಿಯದಲ್ಲ. ಬಜ್ಪೆಯ ಅಜ್ಜಿ ಅಕ್ಕಿ ಕೇರುತ್ತಾ ಗುನುಗುತ್ತಿದ್ದಳು ಎಂದು ನನ್ನ ಪೇಜಿನಲ್ಲಿ ಬರೆದೆನಲ್ಲ, ನೀವೆಲ್ಲ ಅತ್ತಿರಲ್ಲ— ಸುಳ್ಳು. ಅಜ್ಜಿಗೆ ಬೈಯುವುದು ಬಿಟ್ಟರೆ ಬೇರೆ ರಾಗವೇ ಗೊತ್ತಿರಲಿಲ್ಲ.

ರಾಗ ಬರೆದವರು ಯರ್ಮಿಲಾ. ಜೆಕ್ ದೇಶದ ಸಣ್ಣ ಊರಿನ ಶಾಲಾ ಟೀಚರ್. ಅಲ್ಲಿನ ಕಮ್ಯುನಿಸ್ಟ್ ಸರಕಾರಕ್ಕೆ ಆಗ ಚರ್ಚಿನ ಸಂಗೀತ ಆಗುತ್ತಿರಲಿಲ್ಲವಂತೆ. ಅಡುಗೆಮನೆಯಲ್ಲಿ ಕೂತು ಬರೆದು ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿಟ್ಟರು. ಅಚ್ಚಾಗಲಿಲ್ಲ, ಯಾರೂ ನುಡಿಸಲಿಲ್ಲ. ಉಳಿದದ್ದು ಒಂದೇ ಪುಸ್ತಕ. ಅದು ಇದ್ದದ್ದು ಅವರ ಮಗಳು ಹೆಲೆನಾ ಬಳಿ— ಬಹ್ರೇನಿನವರೊಬ್ಬರನ್ನು ಮದುವೆಯಾಗಿ ಇಲ್ಲೇ ಬುಸೈತೀನ್‌ನಲ್ಲಿ ನೆಲೆಸಿದ, ನನ್ನ ಮಗಳ ಪಿಯಾನೊ ಟೀಚರ್.

"ಕಾಗದ ಪುಡಿಯಾಗುತ್ತಿದೆ. ನಿನ್ನ ಆಫೀಸಿನಲ್ಲಿ ಒಂದು ಕಾಪಿ ತೆಗೆದುಕೊಡು" ಎಂದು ನಂಬಿ ಕೊಟ್ಟರು. ಅದರಲ್ಲೊಂದು ಸಾವಿನ ರಾಗ. ಮೂರು ಮೆಟ್ಟಿಲು ಏರಿ, ಇಳಿಯದೆ ಅಲ್ಲೇ ನಿಂತುಬಿಡುತ್ತದೆ. "ಸತ್ತವರ ಮಾತು ಮುಗಿದಿರುವುದಿಲ್ಲ, ಅದಕ್ಕೇ ಹಾಗೆ" ಎನ್ನುತ್ತಿದ್ದರಂತೆ ಅವರಮ್ಮ.

ಸೀಫ್ ಬಡಾವಣೆಯ ನನ್ನ ಆಫೀಸಿನಲ್ಲಿ, ಯರ್ಮಿಲಾ ಎಂಬ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ ನನಗೂ ಒಂದು ಕಾಪಿ ತೆಗೆದೆ. ಚೀಟಿ ಕೀಳದೆಯೇ ಪುಸ್ತಕ ಟೀಚರಿಗೆ ವಾಪಸು ಕೊಟ್ಟೆ. ರಾಗಕ್ಕೆ ಕೊಂಕಣಿ ಸಾಲು ಸೇರಿಸಿದೆ. ಜೆಕ್ ಹೆಂಗಸಿನ ಕಥೆ ಯಾರಿಗೆ ಬೇಕು? ಅಜ್ಜಿ ಎಂದರೆ ಎಲ್ಲರೂ ಅಳುತ್ತಾರೆ.

"ಎಂಥ ರಾಗ ಮಾರಾಯ್ತಿ! ಇಷ್ಟು ವರ್ಷ ಎಲ್ಲಿ ಅಡಗಿಸಿ ಇಟ್ಟಿದ್ದಿ? ನನ್ನ ಸಾವಿಗೂ ಇದನ್ನೇ ಹಾಡಬೇಕು, ಆಯ್ತಾ?" ಎಂದರು ನಮ್ಮ ಚರ್ಚಿನ ಕ್ವಾಯರಿನ ಸ್ಟ್ಯಾನಿ ಅಂಕಲ್. ಮೂರು ತಿಂಗಳಲ್ಲಿ ಅವರೇ ಹೋದರು. ಹಾಡಿದೆವು.

ಆ ದಿನ ಹೆಲೆನಾ ಟೀಚರ್ ಹಿಂದಿನ ಬೆಂಚಿನಲ್ಲಿದ್ದರು— ಅಂಕಲ್‌ನ ಮೊಮ್ಮಗಳೂ ಅವರ ಶಿಷ್ಯೆ. ಹೊರಗೆ ಬಂದವರೇ ನನ್ನ ಕೈ ಹಿಡಿದರು. ಬೆರಳು ತಣ್ಣಗಿತ್ತು.

"ಅದು ನನ್ನಮ್ಮನದು."

ಸುತ್ತ ನಮ್ಮವರೆಲ್ಲ ನಿಂತಿದ್ದರು. ನಾನು ನಕ್ಕೆ. "ಇಲ್ಲ ಟೀಚರ್, ನನ್ನಜ್ಜಿಯದು. ನಾನೇ ನಿಮಗೆ ಹಾಡಿ ತೋರಿಸಿದ್ದೆನಲ್ಲ? ನಿಮಗೆ ಮರೆತುಹೋಗಿದೆ."

ಅವರು ಜಗಳವಾಡಲಿಲ್ಲ. ಆಡಿದ್ದರೆ—

ಎರಡು ವಾರದ ನಂತರ, ಮಗಳ ಕ್ಲಾಸು ಮುಗಿದ ಮೇಲೆ, ಪುಸ್ತಕವನ್ನೇ ತಂದು ನನ್ನ ಮಡಿಲಲ್ಲಿಟ್ಟರು. "ಇದು ನಿನ್ನದೇ ಇರಬೇಕು. ನನ್ನ ಬಳಿ ಹೇಗೆ ಬಂತೋ... ಕ್ಷಮಿಸು." ಮೊದಲ ಪುಟದಲ್ಲಿ ನನ್ನ ಚೀಟಿ ಹಾಗೇ ಅಂಟಿಕೊಂಡಿತ್ತು. ನಾನು ಪುಸ್ತಕ ತೆಗೆದುಕೊಂಡೆ. ಹೌದು, ತೆಗೆದುಕೊಂಡೆ.

ಆಮೇಲೆ ಅವರು ಮನೆಯಲ್ಲೆಲ್ಲ ಚೀಟಿ ಬರೆದು ಅಂಟಿಸತೊಡಗಿದರು. ಪಾಠ ನಿಲ್ಲಿಸಿದರು. ಅವರ ಮಗಳು ಲೈಲಾ ಡಾಕ್ಟರ ಬಳಿ ಕರೆದೊಯ್ದಳು. ಮರೆವು ಮೊದಲೇ ಇತ್ತೋ, ನಾನು ಶುರು ಮಾಡಿದೆನೋ— ಇಷ್ಟು ವರ್ಷ ಅದೊಂದನ್ನು ಕೇಳಿಕೊಳ್ಳದೆ ಬದುಕಿದೆ.

ಊರಿನಿಂದಲೂ ವಿಡಿಯೊ ಬರುತ್ತವೆ. ಒಂದೊಂದು ಸಾವಿಗೂ ಅದೇ ರಾಗ. ಏರುತ್ತದೆ, ನಿಲ್ಲುತ್ತದೆ.

ಕಳೆದ ಶುಕ್ರವಾರ ಚೀಟಿ ಕಿತ್ತೆ. ಹೆಸರಿನ ಅರ್ಧ ಅದರ ಜೊತೆಗೇ ಬಂತು. ಬುಸೈತೀನ್‌ಗೆ ಹೋಗಿ ಪುಸ್ತಕ ಟೀಚರ್ ಕೈಗಿಟ್ಟೆ. "ಇದು ನಿಮ್ಮಮ್ಮನದು. ನಾನು ಕದ್ದದ್ದು. ಅವತ್ತು ಹೇಳಿದ್ದು ಸುಳ್ಳು."

ಅವರು ನನ್ನ ಕೆನ್ನೆ ಸವರಿದರು.

"ಪಾಪ, ನಿನ್ನಜ್ಜಿಯದಲ್ಲವೇ ಅದು? ನಿನಗೂ ಮರೆವು ಶುರುವಾಯಿತೇ? ಬೇಗ ಡಾಕ್ಟರಿಗೆ ತೋರಿಸು ಮಗಳೇ."

ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಲೈಲಾ ಎದ್ದು ಹೋಗಿ ಹೊರಬಾಗಿಲು ತೆಗೆದು ನಿಂತಳು.