ಚೆನ್ನಿಯ ಹೆಸರು

ಐದನೇ ತರಗತಿಯ ಮಕ್ಕಳು ಊಟದ ಬಿಡುವಿನಲ್ಲಿ ಸುಲಿದ ಕಿತ್ತಳೆಯ ವಾಸನೆ ಇನ್ನೂ ಕೋಣೆಯಲ್ಲಿತ್ತು. ದೆಹಲಿಯ ವಸಂತ್ ಕುಂಜಿನ ನಮ್ಮ ಶಾಲೆಯಲ್ಲಿ ಅಂದು ಗುಲಾಮರ ಪಾಠ ಮಾಡುತ್ತಿದ್ದೆ. ಕೊಂಡುಕೊಂಡವರು ಅವರ ಹೆಸರನ್ನೂ ಬದಲಾಯಿಸಿಬಿಡುತ್ತಿದ್ದರು ಎಂದಾಗ ಮುಂದಿನ ಬೆಂಚಿನ ಅನ್ಯಾ, "ಕ್ಯೂಂ, ಮ್ಯಾಮ್?" ಎಂದಳು. ಕರೆಯುವವರಿಗೆ ಅನುಕೂಲವಾಗಲಿ ಅಂತ, ಎಂದೆ. ಹೇಳುತ್ತಿದ್ದಂತೆಯೇ ಚೆನ್ನಿ ನೆನಪಾದಳು.

ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ದೆಹಲಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಅಪ್ಪ ಅವಳನ್ನು ಊರಿನಿಂದ ರೈಲಿನಲ್ಲಿ ಕರೆತಂದಿದ್ದರು. ಮೂವತ್ತು ದಾಟಿದ, ಹಿಂದೆಮುಂದೆ ಯಾರೂ ಇಲ್ಲದ ಹೆಂಗಸು. ಹೆಸರು ಪಾರ್ವತಿ. ನಮ್ಮ ಅಜ್ಜಿಯ ಹೆಸರೂ ಪಾರ್ವತಿಯೇ. "ಸೊಸೆ ನನ್ನ ಹೆಸರು ಹಿಡಿದು ಕೂಗೋದಾ? ಚೆನ್ನಿ ಅನ್ನಿ ಸಾಕು," ಎಂದರು ಅಜ್ಜಿ. ಅಲ್ಲಿಗೆ ಮುಗಿಯಿತು. ಚಳಿಗಾಲದ ಮಧ್ಯಾಹ್ನ ಚೆನ್ನಿ ತಾರಸಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಕಿತ್ತಳೆ ತೊಳೆಯ ನಾರು ಬಿಡಿಸಿ ನನ್ನ ಬಾಯಿಗಿಡುತ್ತಿದ್ದಳು. ಸಿಪ್ಪೆಯನ್ನು ಗೊಜ್ಜಿಗೆಂದು ಎತ್ತಿಡುತ್ತಿದ್ದಳು. ಬೇಸಿಗೆ ರಜೆಗೆ ನಾವೆಲ್ಲ ಊರಿಗೆ ಹೊರಟರೆ ಅವಳು ಆ ಸುಡುಬಿಸಿಲಿನಲ್ಲಿ ಮನೆ ಕಾಯುತ್ತಿದ್ದಳು. ಅಕ್ಕಪಕ್ಕದವರು ಸಂಬಳದ ಮಾತೆತ್ತಿದರೆ ಅಮ್ಮ, "ಮನೆಯವಳಿಗೆ ಎಂಥ ಸಂಬಳ!" ಎಂದು ನಗುತ್ತಿದ್ದಳು. ನಾನೂ ಹಾಗೆಯೇ ನಂಬಿದ್ದೆ. ಅಮ್ಮನಿಗಿಂತ ಹೆಚ್ಚಾಗಿ ಅವಳನ್ನು ಹಚ್ಚಿಕೊಂಡಿದ್ದೆ. ಈಗ ಆ ಕ್ವಾರ್ಟರ್ಸನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದಾರೆ. ಅಜ್ಜಿ, ಅಪ್ಪ, ಅಮ್ಮ, ಚೆನ್ನಿ, ಯಾರೂ ಇಲ್ಲ. ನೆನೆದರೆ ಅಳು ಕೂಡ ಬರುವುದಿಲ್ಲ, ಮನಸ್ಸು ಮರಗಟ್ಟಿದೆ.

"ಫಿರ್ ನಾಮ್ ವಾಪಸ್ ಮಿಲಾ, ಮ್ಯಾಮ್?" ಅನ್ಯಾ ಬಿಡಲಿಲ್ಲ. ಕೆಲವರಿಗೆ ಹಳೆಯ ಹೆಸರು ಮರಳಿ ಸಿಕ್ಕಿತು, ಕೆಲವರಿಗೆ ಇಲ್ಲ, ಎಂದೆ. ಕೇಳಿದರೂ ಕೊಡಲಿಲ್ಲವಾ ಎಂದಳು. ಆ ಮಕ್ಕಳಿಗೆ ನಿಜ ಹೇಳಬೇಕಿತ್ತು. ಪುಟ ತಿರುವಿದೆ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಅಜ್ಜಿಯ ವೈಕುಂಠ ಸಮಾರಾಧನೆಯ ಮರುದಿನ ಚೆನ್ನಿ ನನಗೆ ಜಡೆ ಹಾಕುತ್ತಿದ್ದಳು. ನನಗಾಗ ಹತ್ತು ವರ್ಷ, ಅನ್ಯಾಳಷ್ಟೇ. "ಪುಟ್ಟೀ, ದೊಡ್ಡಮ್ಮಾವ್ರು ಹೋದ್ರಲ್ಲ," ಎಂದಳು ಮೆಲ್ಲಗೆ. "ಇನ್ನು ನೀನಾದ್ರೂ ನನ್ನ ಪಾರ್ವತಿ ಅಂತ ಕರೀತೀಯಾ?"

ನನಗೆ ನಗು ಬಂತು. "ಛೀ, ಅದು ನಮ್ಮಜ್ಜಿ ಹೆಸರು," ಎಂದೆ.

"ಹೌದಲ್ವಾ," ಎಂದಳು. ರಿಬ್ಬನ್ನು ಬಿಗಿದು ಕಟ್ಟಿ, ಪಾತ್ರೆ ತೊಳೆಯಲು ಒಳಗೆ ಹೋದಳು.